ಜವರ ಕಾದ ಕರಿ ಹ್ಯಾಟೆ

ಬಂದವರೆಲ್ಲ ಕೂತುಕೊಳ್ಳಿ, ಕಾಲು ನೀಡಿಕೊಳ್ಳಿ. ಇದು ಕೋಳಿ ಕಾದವನ ಕತೆ. ನಡುವೆ ಎದ್ದು ಹೋಗಿ ಬಂದವರು ಆ ಮರಿ ಏನಾಯಿತು, ಈ ಮರಿ ಎಲ್ಲಿ ಹೋಯಿತು ಅಂತ ನನ್ನನ್ನು ಕೇಳಬಾರದು. ಹೋದದ್ದು ಹೋಯಿತು, ಅಷ್ಟೆ.

ಒಂದೂರಲ್ಲಿ ಹೊಂಬಾಳವ್ವ ಅಂತ ಒಬ್ಬಳಿದ್ದಳು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಮಕ್ಕಳು ಇಬ್ಬರು. ದೊಡ್ಡವಳು ದೇವೀರಿ, ಮದುವೆಯಾಗಿ ಹೊಳೆಯಾಚೆ ಊರಿಗೆ ಹೋಗಿದ್ದಳು. ಚಿಕ್ಕವನು ಜವರ. ಜವರನಿಗೆ ಮೀಸೆ ಬಂದಿತ್ತು, ತೋಳು ಬಲಿತಿತ್ತು, ಮೂರಾಳಿನ ಹೊರೆ ಹೊರುತ್ತಿದ್ದ, ಎರಡಾಳಿನ ಮುದ್ದೆ ಉಣ್ಣುತ್ತಿದ್ದ. ಬುದ್ಧಿ ಮಾತ್ರ ಬರುವ ದಾರಿಯಲ್ಲಿ ಎಲ್ಲೋ ಕೂತುಬಿಟ್ಟಿತ್ತು. ಹಾಗಂತ ಅವನು ಮಾತು ಕೇಳದವನಲ್ಲ. ಕೇಳುತ್ತಿದ್ದ. ಹೇಳಿದ್ದಕ್ಕಿಂತ ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಡಿಮೆಯಿಲ್ಲ, ಅಷ್ಟೇ ಮಾಡುತ್ತಿದ್ದ. ಹೊಂಬಾಳವ್ವನ ಕಷ್ಟವೇ ಅದು. ಮಾತು ಕೇಳದ ಮಕ್ಕಳನ್ನು ಹೆತ್ತವರು ಊರಲ್ಲಿ ಬೇಕಾದಷ್ಟು ಜನ ಇದ್ದರು, ಅವರ ಗೋಳು ಇನ್ನೊಬ್ಬರಿಗೆ ಅರ್ಥವಾಗುತ್ತಿತ್ತು. ಮಾತು ಕೇಳುವ ಮಗನ ಗೋಳನ್ನು ಇವಳು ಯಾರ ಹತ್ತಿರ ಹೇಳಿಕೊಳ್ಳಬೇಕು?

ಆ ವರ್ಷ ದೇವೀರಿ ಚೊಚ್ಚಲ ಬಸುರಿ. ಚೊಚ್ಚಲ ಹೆರಿಗೆ ತವರಿನದು. ಹೆರಿಗೆಯಾದ ಮೇಲೆ ಬಾಣಂತಿಗೆ ನಾಟಿ ಕೋಳಿ ಸಾರು ಆಗಬೇಕು, ಅದೂ ತವರಿನ ಕೋಳಿಯೇ ಆಗಬೇಕು. ದೇವೀರಿಯ ಅತ್ತೆ ಚಿಕ್ಕತಾಯಮ್ಮನಿಗೆ ನಾಲಿಗೆ ಸ್ವಲ್ಪ ಉದ್ದ. "ನಮ್ಮ ದೊಡ್ಡ ಸೊಸೆ ತವರಲ್ಲಿ ಬರೀ ಸೊಪ್ಪಿನ ಸಾರು ಉಂಡು ಎದ್ದು ಬಂದೋಳು" ಅಂತ, ಆ ದೊಡ್ಡ ಸೊಸೆಯ ಮಕ್ಕಳು ದನ ಕಾಯುವಷ್ಟಾದರೂ ಹೇಳುವುದು ಬಿಟ್ಟಿರಲಿಲ್ಲ. ತನ್ನ ಮಗಳು ಅಂಥ ಮಾತಿನ ಕೆಳಗೆ ಬಾಳಬಾರದು ಅನ್ನುವುದು ಹೊಂಬಾಳವ್ವನ ಹಟ. ಅದಕ್ಕೇ ಮನೆಯ ಕರಿ ಹ್ಯಾಟೆಯನ್ನು ಕಾವಿಗೆ ಕೂರಿಸಿದಳು. ಹ್ಯಾಟೆ ಅಂದರೆ ಗೊತ್ತಲ್ಲ, ಮೊಟ್ಟೆ ಇಡುವ ಹೆಣ್ಣು ಕೋಳಿ. ಮೊಟ್ಟೆಯೆಲ್ಲ ಮರಿಯಾದವು. ಒಂದು ಮಂಕರಿ, ಅಂದರೆ ಬಿದಿರು ಬುಟ್ಟಿ, ಅದರ ತುಂಬ ಚಿಲಿಪಿಲಿ.

ಮರಿಯಾದದ್ದೇನೋ ಆಯಿತು. ಕೂಡಿ ಹಾಕಿ ಸಾಕೋಣ ಅಂದರೆ ದಿನವೆಲ್ಲ ನುಚ್ಚು ಕೇಳುತ್ತವೆ, ನುಚ್ಚು ತಿಂದೂ ರೆಕ್ಕೆ ಜೋಲು ಹಾಕಿ ಬಾಡುತ್ತವೆ. ಬಿಟ್ಟು ಸಾಕಿದರೆ ತಿಪ್ಪೆ ಕೆದಕುತ್ತವೆ, ಗೆದ್ದಲು ಹೆಕ್ಕುತ್ತವೆ, ಮೈ ತುಂಬಿಕೊಳ್ಳುತ್ತವೆ. ಮೇಯ್ದು ಬೆಳೆದ ಕೋಳಿಯ ಸಾರಿನ ಘಮಲೇ ಬೇರೆ. ಆದರೆ ಬಿಟ್ಟ ಕೋಳಿಯ ಮೇಲೆ ಎಲ್ಲರ ಕಣ್ಣು. ಮೇಲೆ ಹದ್ದು, ಬೇಲಿಯಲ್ಲಿ ಮುಂಗುಸಿ, ಸಂಜೆಯಾದರೆ ಕಾಡುಬೆಕ್ಕು. ಹೊಂಬಾಳವ್ವ ಕಳೆ ಕೀಳಲು ಹೋಗಲೇಬೇಕು. ಮನೆಯಲ್ಲಿ ಉಳಿಯುವವನು ಜವರ ಒಬ್ಬನೇ.

"ಲೋ ಮಗ, ಇವತ್ತಿಂದ ಮರಿ ಬಿಡ್ತೀನಿ. ಮೇಲೆ ಹದ್ದು ಸುತ್ತುತಾ ಅದೆ. ಮರಿ ಮೇಲಿಂದ ಕಣ್ಣು ತೆಗೀಬ್ಯಾಡ."

"ತೆಗಿಯಾಕಿಲ್ಲ ಕಣವ್ವ."

ತೆಗೆಯಲಿಲ್ಲ. ತಿಪ್ಪೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ರೆಪ್ಪೆ ಬಡಿಯದೆ ನೋಡಿದ. ಹದ್ದು ಇಳಿಯಿತು, ನೋಡಿದ. ಮರಿ ಎತ್ತಿತು, ನೋಡಿದ. ಹದ್ದು ಹಾರಿದಾಗ ಮರಿ ಅದರ ಕಾಲಲ್ಲಿತ್ತು. ಮರಿ ಮೇಲಿಂದ ಕಣ್ಣು ತೆಗೆಯಬಾರದಲ್ಲ, ಜವರ ಎದ್ದು ಮುಗಿಲು ನೋಡಿಕೊಂಡೇ ನಡೆದ. ರಾಗಿ ಹೊಲ ದಾಟಿದ, ಕಟ್ಟೆ ಏರಿ ದಾಟಿದ, ಯಾರದೋ ಸೌತೆ ಬಳ್ಳಿ ತುಳಿದ, ಯಾರೋ ಬೈದರು, ಆಗಲೂ ಕಣ್ಣು ತೆಗೆಯಲಿಲ್ಲ. ಹದ್ದು ದೂರದ ಆಲದ ಮರದಲ್ಲಿ ಕೂತು ಮರಿಯನ್ನು ತಿಂದು ಮುಗಿಸಿತು. ಇನ್ನು ನೋಡುವುದಕ್ಕೆ ಮರಿ ಇಲ್ಲ ಅಂತ ಮನೆಗೆ ಬಂದ. ಅಷ್ಟು ಹೊತ್ತು ಕಾಯುವವರಿಲ್ಲದ ತಿಪ್ಪೆಯಲ್ಲಿ ಕಾಗೆಗಳು ತಮ್ಮ ಪಾಲು ಎತ್ತಿಕೊಂಡು ಹೋಗಿದ್ದವು.

ಸಂಜೆ ಹೊಂಬಾಳವ್ವ ಮರಿ ನೋಡಿ ಎದೆ ಹಿಡಿದುಕೊಂಡಳು.

"ಕಣ್ಣು ತೆಗೀಬ್ಯಾಡ ಅಂದಿರ್ನಿಲ್ವೇನ್ಲಾ?"

"ತೆಗೀಲಿಲ್ಲ ಕಣವ್ವ. ಮೊದ್ಲು ತಲೆ ತಿಂತು, ಆಮ್ಯಾಕೆ ರೆಕ್ಕೆ. ಎಲ್ಲಾನೂ ನೋಡ್ದೆ."

"ನೋಡ್ಕೊಂಡು ಕೂತ್ರೆ ಆಯ್ತದೇನ್ಲಾ ಮಂಕೆ. ಮೇಲಿಂದ ಇಳೀತಾ ಇರೋದು ಕಂಡ ತಕ್ಷಣ ಹೋ ಹೋ ಅಂತ ಕೂಗ್ಬೇಕು. ಕಲ್ಲು ಬೀಸ್ಬೇಕು. ಕೆಳಕ್ಕೆ ಬರಾಕೆ ಬಿಡ್ಬಾರ್ದು. ಮರಿ ಮೇಲೆ ಮಂಕರಿ ಕವುಚ್ಬೇಕು."

"ಹಂಗೇ ಆಗ್ಲಿ ಕಣವ್ವ. ಮೇಲಿಂದ ಇಳೀತಾ ಇರೋದು."

ಮಾರನೆಯ ದಿನ ಪಕ್ಕದ ಹಿತ್ತಲಿಗೆ ಕಾಯಿ ಕೀಳುವ ಅಂಕಯ್ಯ ಬಂದ. ಅವನು ತೆಂಗಿನ ಮರ ಹತ್ತುವಾಗ ಜವರ ಸುಮ್ಮನಿದ್ದ. ಹತ್ತುವುದು ಹತ್ತುವುದು, ಅದರ ಮಾತು ಅವ್ವ ಎತ್ತಿರಲಿಲ್ಲ. ಅಂಕಯ್ಯ ಗೊನೆ ಕೆಡವಿ, ಮಚ್ಚು ಸೊಂಟಕ್ಕೆ ಸಿಕ್ಕಿಸಿ, ಒಂದು ಕಾಲು ಕೆಳಗಿಟ್ಟ. ಜವರ ಎದ್ದ.

"ಹೋ, ಹೋ, ಹೋ."

ಕಲ್ಲು ಬಂತು. ಅಂಕಯ್ಯ ಗರಿಗೆ ಅಂಟಿಕೊಂಡ.

"ಯಾಕ್ಲಾ ಜವರ, ನಾನು ಕಣ್ಲಾ, ಅಂಕ."

"ಗೊತ್ತು ಕಣಣ್ಣ. ಇಳೀಬ್ಯಾಡ."

"ಇಳೀದೆ ಇಲ್ಲೇ ಗೂಡು ಕಟ್ಲಾ?"

"ಅದು ನಿನ್ನಿಷ್ಟ. ಇಳಿದ್ರೆ ಬೀಸ್ತೀನಿ."

ಅಂಕಯ್ಯ ಕಾಲು ಇಳಿಸುತ್ತಿದ್ದ, ಕಲ್ಲು ಬರುತ್ತಿತ್ತು, ಕಾಲು ಮೇಲೆ ಹೋಗುತ್ತಿತ್ತು. ಹೀಗೆ ಇಬ್ಬರೂ ದುಡಿಯುತ್ತಿರುವಾಗ ಬೇಲಿಯ ಸಂದಿಯಿಂದ ಒಂದು ಮುಂಗುಸಿ ನುಸುಳಿ ಬಂತು. ಮರದ ಮೇಲಿದ್ದ ಅಂಕಯ್ಯನಿಗೆ ಎಲ್ಲ ಚೆನ್ನಾಗಿ ಕಾಣುತ್ತಿತ್ತು.

"ಲೋ, ಮುಂಗುಸಿ ಕಣ್ಲಾ. ನಿನ್ನ ಹಿಂದ್ಗಡೆ."

"ಅದು ಕೆಳಗಿಂದ ಬಂದದೆ ಕಣಣ್ಣ. ನೀನು ಇಳೀಬ್ಯಾಡ."

ಮುಂಗುಸಿ ಒಂದು ಮರಿ ಒಯ್ದಿತು, ಮತ್ತೆ ಬಂದು ಇನ್ನೊಂದು ಒಯ್ದಿತು. ಇಷ್ಟು ಸಲೀಸಾದ ಮನೆ ಅದು ಎಲ್ಲೂ ಕಂಡಿರಲಿಕ್ಕಿಲ್ಲ. ಸಂಜೆ ಹೊಂಬಾಳವ್ವ ಬಂದು ಮಗನ ಕೈಯಿಂದ ಕಲ್ಲು ಕಿತ್ತುಕೊಂಡ ಮೇಲೆ ಅಂಕಯ್ಯ ಕೆಳಗಿಳಿದ. ಕೂಲಿಗೆ ಬರಬೇಕಾದ ಕಾಯಿಯನ್ನೂ ಕೇಳದೆ ಹೊರಟುಹೋದ.

"ಅಯ್ಯೋ ನನ್ನ ಹಣೆಬರವೇ. ಅಂಕ ಕೋಳಿ ತಿನ್ನಾಕೆ ಇಳೀತಿದ್ನೇನ್ಲಾ? ಮೇಲೆ ನೋಡಿದ್ದು ಸಾಕು. ಕೆಳಗೆ ನೋಡು. ಬೇಲಿಗೆ ಒಂದು ಸಂದೀನೂ ಬಿಡದಂಗೆ ಮುಳ್ಳು ಹೊದ್ಸು. ಬಗ್ಗಿ ನುಸುಳ್ಕೊಂಡು ಬರೋದು ಏನೇ ಇರ್ಲಿ, ದೊಣ್ಣೇಲಿ ಬಾರ್ಸು."

"ಹಂಗೇ ಆಗ್ಲಿ ಕಣವ್ವ. ಬಗ್ಗಿ ನುಸುಳ್ಕೊಂಡು ಬರೋದು."

ಮರುದಿನ ಜವರ ಜಾಲಿ ಮುಳ್ಳು ಕಡಿದು ತಂದ. ಮೂರಾಳಿನ ಕೆಲಸ ಒಬ್ಬನೇ ಮಾಡಿದ. ಇಲಿ ನುಸುಳುವ ಸಂದಿಯನ್ನೂ ಬಿಡಲಿಲ್ಲ. ಹ್ಯಾಟೆಯೂ ಮರಿಗಳೂ ದಿನವೂ ತಿಪ್ಪೆಗೆ ಹೋಗಿ ಬರುತ್ತಿದ್ದ ಗಂಡಿ ಒಂದಿತ್ತು, ಅದಕ್ಕೆ ಎರಡು ಪದರ ಹೊದಿಸಿದ. ಕೋಳಿಗಳೆಲ್ಲ ಆಗ ತಿಪ್ಪೆಯ ಮೇಲಿದ್ದವು, ಅಂದರೆ ಬೇಲಿಯ ಆಚೆ. ಹೊತ್ತು ಇಳಿಯಿತು. ಹ್ಯಾಟೆ ಬೇಲಿಯುದ್ದಕ್ಕೂ ಓಡಾಡಿ ಕೊಕ್ಕೊಕ್ಕೋ ಅಂದಿತು, ಹಿಂದೆ ಮರಿಗಳು ಚಿಂಯ್ ಚಿಂಯ್ ಅಂದವು. ಈಚೆ ಜವರ ದೊಣ್ಣೆ ಹಿಡಿದು ನಿಂತಿದ್ದ.

ಆ ದಾರಿಯಲ್ಲಿ ಸೂಲಗಿತ್ತಿ ಲಕ್ಕವ್ವ ಸೊಪ್ಪಿನ ಹೊರೆ ಬೆನ್ನಿಗೆ ಹಾಕಿಕೊಂಡು ಬಂದಳು. ಊರಿನ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು, ಜವರನೂ ಸೇರಿ. ಕೋಳಿಗಳ ಗೋಳು ನೋಡಲಾರದೆ ಅವಳು ಕೋಲಿನಿಂದ ಮುಳ್ಳು ಸರಿಸಿದಳು, ಮರಿಗಳನ್ನು ಮುಂದೆ ಬಿಟ್ಟುಕೊಂಡು ಬಗ್ಗಿ ಗಂಡಿಯಲ್ಲಿ ನುಸುಳಿದಳು. ಲಕ್ಕವ್ವ ಬಗ್ಗುವುದೇನು ಬಂತು, ಅವಳ ಬೆನ್ನೇ ಬಾಗಿತ್ತು. ದೊಣ್ಣೆ ಬಿತ್ತು. ಪುಣ್ಯಕ್ಕೆ ಸೊಪ್ಪಿನ ಹೊರೆಯ ಮೇಲೆ ಬಿತ್ತು. ಸೊಪ್ಪು ನಾಲ್ಕೂ ಕಡೆ ಹಾರಿತು, ಮರಿಗಳು ದಿಕ್ಕಾಪಾಲಾಗಿ ಪೊದೆಗೆ ನುಗ್ಗಿದವು. ಹೊಂಬಾಳವ್ವ ಓಡಿ ಬಂದು ಹುಡುಕಿದಾಗ ಅರ್ಧ ಸಿಕ್ಕವು, ಅರ್ಧ ಸಿಗಲಿಲ್ಲ.

ಲಕ್ಕವ್ವ ಜಗಲಿಯ ಮೇಲೆ ಕೂತು ಉಸಿರು ತಿರುಗಿಸಿಕೊಂಡಳು.

"ಹೊಂಬಾಳಿ, ನಿನ್ನ ಮಗಳ ಹೆರಿಗೆಗೆ ನಾನು ಬತ್ತೀನಿ. ಮುಂಬಾಗಿಲಲ್ಲಿ ಬತ್ತೀನಿ. ಆಗ ಇವನ ಕೈಲಿ ದೊಣ್ಣೆ ಇರಕೂಡ್ದು."

"ತೆಪ್ಪಾಯ್ತು ಕಣಕ್ಕ, ಕಾಲಿಗೆ ಬೀಳ್ತೀನಿ."

"ಬೀಳು ಆಮ್ಯಾಕೆ. ಉಳಿದಿರೋ ಮರಿಗೆ ಅರಿಶಿನ ಸುಣ್ಣ ಕಲಸಿ ಬಳಿ. ಕೆಂಪಗಿರೋ ಮರಿ ಕಂಡ್ರೆ ಹದ್ದು ಅಂಜ್ತದೆ."

ಹೊಂಬಾಳವ್ವ ತಟ್ಟೆಯಲ್ಲಿ ಅರಿಶಿನ ಸುಣ್ಣ ಕಲಸಿದಳು. ನೀರು ರಕ್ತದ ಬಣ್ಣಕ್ಕೆ ತಿರುಗಿತು. ಮರಿಗಳನ್ನು ಒಂದೊಂದಾಗಿ ಹಿಡಿದು ಕೊಕ್ಕಿನಿಂದ ಪುಕ್ಕದವರೆಗೆ ಬಳಿದಳು. ಜವರ ಪಕ್ಕದಲ್ಲಿ ಕೂತು ನೋಡಿದ.

"ಇದ್ಯಾಕವ್ವ?"

"ಇದನ್ನ ಬಳಿದ್ರೆ ತಿನ್ನೋರು ಹತ್ರ ಬರಾಕಿಲ್ಲ ಕಣ್ಲಾ."

ಜವರ ತಲೆಯಾಡಿಸಿದ. ಅವನ ತಲೆಗೆ ಹೋದ ಮಾತು ಕೊಳೆಯುತ್ತಿರಲಿಲ್ಲ, ಹಾಗೇ ಇರುತ್ತಿತ್ತು.

ಬಣ್ಣ ಹತ್ತಿತು, ಹದ್ದು ಅಂಜಿತು. ಮರಿಗಳು ಬೆಳೆದು ಪುಕ್ಕ ಬಲಿತವು, ಕೆಂಪು ಮಾಸಿದ ಕಡೆಗೆಲ್ಲ ಹೊಂಬಾಳವ್ವ ಮತ್ತೆ ಬಳಿದಳು. ಅಷ್ಟರಲ್ಲಿ ದೇವೀರಿಗೆ ದಿನ ತುಂಬುತ್ತಾ ಬಂತು. ಮಗಳನ್ನು ಕರೆತರಲು ಹೊಳೆಯಾಚೆ ಹೋಗಬೇಕು, ಒಂದು ರಾತ್ರಿ ಅಲ್ಲೇ ಉಳಿಯಬೇಕು. ಹೊಂಬಾಳವ್ವ ಹೊರಡುವ ಮುಂಚೆ ಮಗನ ಎರಡೂ ಭುಜ ಹಿಡಿದು ನಿಲ್ಲಿಸಿದಳು.

"ಕೇಳ್ಲಾ. ಹೊತ್ತು ಮುಳುಗ್ತಲೂ ಗಂಡಿ ಮುಳ್ಳು ತೆಗಿ. ಬಾ ಬಾ ಅಂತ ಕರಿ. ದೊಣ್ಣೆ ಮುಟ್ಬ್ಯಾಡ. ಒಳಕ್ಕೆ ಬಂದವನ್ನೆಲ್ಲ ಗೂಡಿಗೆ ಬಿಟ್ಟು ಅಗಳಿ ಹಾಕು. ಬೆಳಕು ಹರಿಯೋಗಂಟ ಎಷ್ಟೇ ಅರಚಿದ್ರೂ ತೆಗೀಬ್ಯಾಡ."

"ಬಂದವನ್ನೆಲ್ಲ?"

"ಬಂದವನ್ನೆಲ್ಲ."

ಹೊತ್ತು ಮುಳುಗಿತು. ಜವರ ಮುಳ್ಳು ತೆಗೆದು ಬಾ ಬಾ ಅಂದ. ಕೆಂಪು ಮರಿಗಳೆಲ್ಲ ಸಾಲಾಗಿ ಬಂದವು. ಅವುಗಳ ಹಿಂದೆ, ಮೈ ತುಂಬ ಚುಕ್ಕೆ ಇದ್ದದ್ದು ಒಂದು, ಮೆಲ್ಲಗೆ ಹೆಜ್ಜೆ ಹಾಕಿಕೊಂಡು ಬಂತು. ಬಂದದ್ದು ಬಂದದ್ದೇ ಅಂತ ಜವರ ಅದನ್ನೂ ಗೂಡಿಗೆ ಬಿಟ್ಟು ಅಗಳಿ ಹಾಕಿದ. ಕರಿ ಹ್ಯಾಟೆ ಮಾತ್ರ ಬಾ ಬಾ ಅಂದರೂ ಬರಲಿಲ್ಲ. ಅಂಗಳದ ಸೀಬೆ ಮರಕ್ಕೆ ಹಾರಿ ಮೇಲಿನ ಕೊಂಬೆಯಲ್ಲಿ ಕೂತುಬಿಟ್ಟಿತು. ಗೂಡಿನಿಂದ ಎಂಥ ಗಲಾಟೆ ಬಂದರೂ ಜವರ ಎದ್ದು ಹೋಗಲಿಲ್ಲ. ಬೆಳಕು ಹರಿದ ಮೇಲೆ ಅಗಳಿ ತೆಗೆದ. ಚುಕ್ಕೆಯದು ಮೀಸೆ ನೆಕ್ಕಿಕೊಂಡು ಹೊರಗೆ ಬಂತು, ಹೊಟ್ಟೆ ನೆಲಕ್ಕೆ ತಾಗುವ ಹಾಗೆ ನಡೆದು ಗಂಡಿಯಲ್ಲಿ ಹೋಯಿತು. ಅದರ ಹಿಂದೆ ಇನ್ನೇನೂ ಬರಲಿಲ್ಲ.

ಮಧ್ಯಾಹ್ನಕ್ಕೆ ಹೊಂಬಾಳವ್ವ ತುಂಬು ಬಸುರಿ ಮಗಳ ಕೈ ಹಿಡಿದುಕೊಂಡು ಮನೆ ಮುಟ್ಟಿದಳು.

"ಮರಿ ಎಲ್ಲ ಬಂದ್ವೇನ್ಲಾ?"

"ಬಂದ್ವು ಕಣವ್ವ. ಹೊಸದೊಂದೂ ಬಂತು. ಚುಕ್ಕೆ ಚುಕ್ಕೆಯದು. ಅದನ್ನೂ ಹಾಕ್ದೆ."

ಹೊಂಬಾಳವ್ವ ಗೂಡಿನ ಬಾಗಿಲಲ್ಲಿ ಬಗ್ಗಿ ನೋಡಿದಳು. ಒಳಗೆ ಕೆಂಪು ಪುಕ್ಕ ಬಿಟ್ಟು ಏನೂ ಇರಲಿಲ್ಲ. ಹದ್ದು ಬಣ್ಣಕ್ಕೆ ಅಂಜಿತ್ತು, ಬೆಕ್ಕಿಗೆ ಕತ್ತಲಲ್ಲಿ ಬಣ್ಣ ಕಂಡಿರಲಿಲ್ಲ.

"ಅರಚ್ಲಿಲ್ವೇನ್ಲಾ ಅವು?"

"ಬೋ ಅರಚಿದ್ವು ಕಣವ್ವ. ನೀನು ತೆಗೀಬ್ಯಾಡ ಅಂದಿದ್ದೆ."

ಹೊಂಬಾಳವ್ವ ಹೊಸ್ತಿಲ ಮೇಲೆ ಕುಸಿದು ಕೂತಳು. ಅವಳಿಗೆ ಅಳು ಬಂತು. ದೇವೀರಿ ಪಕ್ಕದಲ್ಲಿ ಕೂತು ತಾಯಿಯ ಬೆನ್ನು ಸವರಿದಳು.

"ಬಿಡವ್ವ. ಸೊಪ್ಪಿನ ಸಾರೇ ಸಾಕು."

ಆ ಸಮಾಧಾನವೇ ಹೊಂಬಾಳವ್ವನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಚಿಕ್ಕತಾಯಮ್ಮನ ದನಿ ಕಿವಿಯಲ್ಲಿ ಆಗಲೇ ಕೇಳಿದಂತಾಯಿತು. ಆಗ ಸೀಬೆ ಮರದಿಂದ ಕೊಕ್ಕ್ ಅನ್ನುವ ಸದ್ದು ಬಂತು. ಕರಿ ಹ್ಯಾಟೆ ಕೆಳಗೆ ಹಾರಿ, ಏನೂ ಆಗದವಳ ಹಾಗೆ ಮೈ ಕೊಡವಿಕೊಂಡಿತು.

ಜವರ ಅದನ್ನೇ ನೋಡುತ್ತಿದ್ದ. "ಗೂಡಿಗೋದವು ಹೋದ್ವು, ಮರ ಹತ್ತಿದ್ದು ಉಳ್ಕೊತು. ಅಲ್ವಾ ಅವ್ವ?"

"ಹೂಂ ಕಣಪ್ಪ" ಅಂದಳು ಹೊಂಬಾಳವ್ವ, ಸಾಕಾಗಿ ಹೋಗಿ.

ಉಳಿದದ್ದು ಇದೊಂದೇ. ಹೊಂಬಾಳವ್ವ ಯೋಚನೆ ಮಾಡಿದಳು. ಮೇಲೆ ಅಂದರೆ ಕೆಳಗಿಂದ ಬರುತ್ತದೆ, ಕೆಳಗೆ ಅಂದರೆ ಒಳಗೇ ಬರುತ್ತದೆ. ತಾನು ಹೇಳುವ ಪ್ರತಿ ಮಾತಿನಲ್ಲೂ ಒಂದು ಸಂದಿ ಇರುತ್ತದೆ, ಅಲ್ಲಿಂದಲೇ ಕೇಡು ನುಸುಳುತ್ತದೆ. ಈ ಸಲ ಸಂದಿಯೇ ಇಲ್ಲದ ಮಾತು ಹೇಳಬೇಕು. ಅವಳು ಬೇಲಿಗೆ ಮುಳ್ಳು ಹೊದಿಸಿದಂತೆ ಮಾತು ಹೊದಿಸಿ ಹೊದಿಸಿ ಹೇಳಿದಳು.

"ಮಗ, ಈ ಹ್ಯಾಟೇನ ತಿನ್ನಾಕೆ ಅಂತ ಯಾರೇ ಬರ್ಲಿ, ಬಿಡಬ್ಯಾಡ. ಮೇಲಿಂದ ಬರ್ಲಿ ಕೆಳಗಿಂದ ಬರ್ಲಿ. ನಾಕು ಕಾಲಿಂದು ಬರ್ಲಿ ಎರಡು ಕಾಲಿಂದು ಬರ್ಲಿ. ಬೇರೇರ ಸುದ್ದಿಗೆ ಹೋಗ್ಬ್ಯಾಡ, ತಿನ್ನಾಕೆ ಬಂದೋರ್ನ ಮಾತ್ರ ಬಿಡಬ್ಯಾಡ. ತಿಳೀತಾ?"

"ತಿಳೀತು ಕಣವ್ವ. ತಿನ್ನಾಕೆ ಬಂದೋರು."

ಹೊಂಬಾಳವ್ವ ಆ ಮಾತನ್ನು ಮನಸ್ಸಲ್ಲೇ ತಿರುಗಿಸಿ ಮುರುಗಿಸಿ ನೋಡಿದಳು. ಎಲ್ಲೂ ಸಂದಿ ಕಾಣಲಿಲ್ಲ.

ಅಲ್ಲಿಂದ ಮುಂದೆ ಜವರ ಕಾದದ್ದೇ ಕಾವಲು. ಹ್ಯಾಟೆ ತಿಪ್ಪೆಗೆ ಹೋದರೆ ತಿಪ್ಪೆಗೆ, ಹೊಲಕ್ಕೆ ಹೋದರೆ ಹೊಲಕ್ಕೆ. ಹದ್ದು ಸುಳಿದರೆ ಕಲ್ಲು, ಮುಂಗುಸಿ ಇಣುಕಿದರೆ ದೊಣ್ಣೆ, ಚುಕ್ಕೆಯದು ಬಂದರೆ ಎರಡೂ. ಅಂಕಯ್ಯ ಮರ ಹತ್ತಿ ಇಳಿದ, ಲಕ್ಕವ್ವ ಬಂದು ಹೋದಳು, ಅವರ ತಂಟೆಗೆ ಹೋಗಲಿಲ್ಲ. ಹ್ಯಾಟೆ ಮೇಯ್ದು ಮೇಯ್ದು ದುಂಡಗಾಯಿತು. ಹೊಂಬಾಳವ್ವ ಕಳೆ ಕೀಳುವ ಹೆಂಗಸರ ಮುಂದೆ, ನನ್ನ ಮಗನಿಗೂ ಬುದ್ಧಿ ಬಂತು ಅಂತ ಹೇಳಿಕೊಂಡಳು. ಹೇಳುವಾಗ ಅವಳ ಕಣ್ಣು ಒದ್ದೆಯಾಗಿತ್ತು.

ದೇವೀರಿಗೆ ಹೆರಿಗೆಯಾಯಿತು. ಹೆಣ್ಣು ಕೂಸು, ತಲೆ ತುಂಬ ಕೂದಲು. ಕೋಳಿ ಸಾರು ಉಣ್ಣುವ ದಿನ ಬಂತು, ಅದೇ ದಿನ ಮೊಮ್ಮಗಳನ್ನು ನೋಡಲು ಬರುತ್ತೇನೆ ಅಂತ ಚಿಕ್ಕತಾಯಮ್ಮ ಹೇಳಿ ಕಳಿಸಿದಳು. ಹೊಂಬಾಳವ್ವನಿಗೆ ಅದೇ ಬೇಕಾಗಿತ್ತು. ಬೀಗಿತ್ತಿ ಹೊಸ್ತಿಲು ದಾಟುವ ಹೊತ್ತಿಗೆ ಸಾರು ಕುದಿಯುತ್ತಿರಬೇಕು. ಬೆಳಗ್ಗೆಯೇ ಮೆಣಸು ಬೆಳ್ಳುಳ್ಳಿ ಅರೆದಿಟ್ಟಳು, ಕೂಸಿಗೆ ಆರತಿ ಎತ್ತಲು ತಟ್ಟೆಯಲ್ಲಿ ಅರಿಶಿನ ಸುಣ್ಣದ ನೀರು ಕಲಸಿಟ್ಟಳು, ಮಚ್ಚು ತೆಗೆದುಕೊಂಡು ಹಿತ್ತಲಿಗೆ ಬಂದಳು.

"ಮಗ, ಹ್ಯಾಟೆ ಹಿಡ್ಕೊಡ್ಲಾ."

"ಯಾಕವ್ವ?"

"ಸಾರಿಗೆ ಕಣ್ಲಾ. ನಿಮ್ಮಕ್ಕ ತಿನ್ಬ್ಯಾಡ್ವಾ?"

"ತಿನ್ನಾಕಾ?"

ಜವರ ಹ್ಯಾಟೆಯ ಮೇಲೆ ಮಂಕರಿ ಕವುಚಿದ. ಮಂಕರಿಯ ಮೇಲೆ ತಾನು ಕೂತ. ಕೈಗೆ ಕಲ್ಲು ತಗೊಂಡ. ಅವನ ಮುಖದಲ್ಲಿ ಕೋಪ ಇರಲಿಲ್ಲ, ಕೆಲಸ ಇತ್ತು.

"ಹೋ, ಹೋ, ಹೋ."

"ನಾನು ಕಣ್ಲಾ, ನಿಮ್ಮವ್ವ."

"ಎರಡು ಕಾಲಿಂದೂ ಅಂದಿದ್ದೆ ಕಣವ್ವ."

ಹೊಂಬಾಳವ್ವ ಮುಂದೆ ಒಂದು ಹೆಜ್ಜೆ ಇಟ್ಟಳು. ಕಲ್ಲು ಕಾಲ ಬಳಿ ಬಿತ್ತು. ಅವಳು ಗದರಿದಳು, ಬೇಡಿದಳು, ಬೆಲ್ಲ ಕೊಡುತ್ತೇನೆ ಅಂದಳು. ಜವರ ಅಲ್ಲಾಡಲಿಲ್ಲ. ಹುಟ್ಟಿದಾಗಿನಿಂದ ಇವತ್ತಿನವರೆಗೆ ಅವನು ಒಂದು ಕೆಲಸವನ್ನು ಸರಿಯಾಗಿ ಮಾಡಿದ್ದು ಇದೇ ಮೊದಲು, ಅದನ್ನೇ ಹೊಂಬಾಳವ್ವ ಬಿಡಿಸಬೇಕಾಗಿ ಬಂತು. ಹೊತ್ತಾಗುತ್ತಿತ್ತು, ಬೀಗಿತ್ತಿ ದಾರಿಯಲ್ಲಿದ್ದಳು. ಕೊನೆಗೆ ಅವಳಿಗೆ ಒಂದು ಉಪಾಯ ಹೊಳೆಯಿತು.

"ಲೋ, ಕೂಸು ಅಂಗಳದಲ್ಲಿ ಒಂದೇ ಮಲಗದೆ. ಲಕ್ಕವ್ವ ಎಣ್ಣೆ ಹಚ್ಚಿ ಎಳೆ ಬಿಸಿಲಿಗೆ ಹಾಕ್ಬುಟ್ಟು ಹೋಗವ್ಳೆ. ಹ್ಯಾಟೆ ನಾನು ನೋಡ್ಕೊತೀನಿ. ಇಷ್ಟು ದಿನ ಹ್ಯಾಟೇನ ಹೆಂಗೆ ಕಾದೆ, ಹಂಗೇ ಕೂಸ್ನ ಕಾಯಿ. ಹೋಗು ಮಗ."

"ಹ್ಯಾಟೆ ಕಾದಂಗೇ?"

"ಹ್ಯಾಟೆ ಕಾದಂಗೇ."

ಜವರ ಎದ್ದು ಓಡಿದ. ಹೊಂಬಾಳವ್ವ ಮಂಕರಿ ಎತ್ತಿ ಹ್ಯಾಟೆಯನ್ನು ಹಿಡಿದಳು. ಹದ್ದು, ಮುಂಗುಸಿ, ಕಾಡುಬೆಕ್ಕು ಎಲ್ಲರ ಕೈಯಿಂದ ತಪ್ಪಿಸಿಕೊಂಡ ಜೀವ. ಒಂದು ಗಳಿಗೆ ಅವಳಿಗೆ ಕೈ ಬರಲಿಲ್ಲ. ಆಮೇಲೆ ಮಗಳ ಮುಖ ನೆನೆಸಿಕೊಂಡಳು, ಮಾಡಬೇಕಾದ್ದು ಮಾಡಿದಳು. ಒಲೆಯ ಮೇಲೆ ಸಾರು ಕುದಿಯಿತು. ಬಾಣಂತಿ ಕೋಣೆಯಿಂದ ದೇವೀರಿ ಘಮಲಿಗೆ ಮೂಗು ಅರಳಿಸಿದ್ದು ಕಂಡು ಹೊಂಬಾಳವ್ವನಿಗೆ ಎಷ್ಟೋ ತಿಂಗಳ ಭಾರ ಇಳಿದಂತಾಯಿತು.

ಅಂಗಳದಲ್ಲಿ ಜವರ ತನ್ನ ಕೆಲಸ ಮಾಡುತ್ತಿದ್ದ. ಆರತಿ ತಟ್ಟೆ ಅಲ್ಲೇ ಇತ್ತು. ಇದನ್ನ ಬಳಿದರೆ ತಿನ್ನುವವರು ಹತ್ತಿರ ಬರುವುದಿಲ್ಲ. ಕೂಸಿನ ನೆತ್ತಿಯಿಂದ ಪಾದದವರೆಗೆ ನೀಟಾಗಿ ಬಳಿದ. ಸುತ್ತ ಮುಳ್ಳು ಹೊದಿಸಿದ. ಬೆಚ್ಚಗಿನ ಬಿಸಿಲು, ಕೂಸು ನಿದ್ದೆಯಲ್ಲಿ ನಗುತ್ತಿತ್ತು. ಪಕ್ಕದಲ್ಲಿ ಜವರ ಕೂತ.

ಚಿಕ್ಕತಾಯಮ್ಮ ಎಲೆಯಡಿಕೆ ಚೀಲ ಸಿಕ್ಕಿಸಿಕೊಂಡು ಬಂದಳು. ಯಾವ ಅಜ್ಜಿಯೂ ಅನ್ನುವ ಮಾತನ್ನೇ ಬಾಗಿಲಿಂದಲೇ ಅಂದಳು.

"ಎಲ್ಲವ್ಳೆ ನನ್ನ ಬಂಗಾರ? ಕೊಡ್ರಪ್ಪ ಇತ್ಲಾಗಿ, ಕಚ್ಚಿ ತಿಂದುಬಿಡ್ತೀನಿ."

ಜವರನ ಕಿವಿ ನೆಟ್ಟಗಾಯಿತು. ಮೊದಲು ಹೋ ಹೋ ಅಂದ. ಆಮೇಲೆ ಕಲ್ಲು ಬೀಸಿದ, ಎಲೆಯಡಿಕೆ ಚೀಲ ಹಾರಿ ಬಿತ್ತು. ಚಿಕ್ಕತಾಯಮ್ಮ ಹಿಂದೆ ಸರಿಯುವ ಹೆಂಗಸಲ್ಲ, ಮುಳ್ಳಿನ ಹತ್ತಿರವೇ ಬಂದಳು. ಈ ಹದ್ದು ಬಣ್ಣಕ್ಕೂ ಅಂಜುವುದಿಲ್ಲ ಅಂತ ಜವರನಿಗೆ ಗೊತ್ತಾಯಿತು. ಗೂಡಿಗೆ ಹೋದವು ಹೋದವು, ಮರ ಹತ್ತಿದ್ದು ಉಳಿಯಿತು. ಕೂಸನ್ನು ಎದೆಗೆ ಅವುಚಿಕೊಂಡು ಸೀಬೆ ಮರ ಹತ್ತಿ, ಕವಲಿನಲ್ಲಿ ಕಾಲು ಇಳಿಬಿಟ್ಟು ಕೂತ.

ಕೂಗು ಕೇಳಿ ಹೊಂಬಾಳವ್ವ ಸೌಟು ಹಿಡಿದೇ ಓಡಿ ಬಂದಳು. ಮರದ ಮೇಲೆ ಮಗ, ಮಗನ ಮಡಿಲಲ್ಲಿ ಕೆಂಪು ಕೂಸು, ಮರದ ಕೆಳಗೆ ಬೀಗಿತ್ತಿ.

"ಅತ್ತಿಗೆಮ್ಮ, ಇದೇನಿದು? ನನ್ನ ಮೊಮ್ಮಗಳಿಗೆ ರಕ್ತ ಬತ್ತಾ ಅದೆ."

"ರಕ್ತ ಅಲ್ಲ ಕಣತ್ತಿಗೆ, ಅರಿಶಿನ ಸುಣ್ಣ. ಲೋ ಜವರ, ಇಳೀಲಾ."

"ಅವ್ರು ತಿಂತಾರೆ ಕಣವ್ವ. ಅವ್ರೇ ಅಂದ್ರು."

ಯಾರೋ ಹೋಗಿ ಅಂಕಯ್ಯನನ್ನು ಕರೆತಂದರು. ಅಂಕಯ್ಯ ಮರವನ್ನು ನೋಡಿದ, ಜವರನನ್ನು ನೋಡಿದ. "ಹತ್ತೋದೇನು, ಹತ್ತಿಬಿಡ್ತೀನಿ. ಇಳಿಯೋದಕ್ಕೆ ಇವನು ಬಿಡಬೇಕಲ್ಲ" ಅಂತ ದೂರ ಹೋಗಿ ನಿಂತ.

ಕೂಸಿಗೆ ಎಚ್ಚರವಾಯಿತು. ಹಸಿವಿಗೆ ಕಿರುಚಿತು. ಆ ದನಿ ಕೇಳಿ ದೇವೀರಿ ತಲೆಗೆ ಬಟ್ಟೆ ಸುತ್ತಿಕೊಂಡು ಗೋಡೆ ಹಿಡಿದು ಹೊರಗೆ ಬಂದಳು, ಮರದ ಬುಡದಲ್ಲಿ ಕೂತಳು.

"ಜವರ, ಕೊಡಪ್ಪ. ಅದಕ್ಕೆ ಹೊಟ್ಟೆ ಹಸ್ದದೆ. ನನ್ನ ಹಾಲು ಕುಡೀಬೇಕು ಅದು."

ಜವರ ಕೂಸಿನ ಬಾಯಿ ನೋಡಿದ. ಅಷ್ಟು ಚಿಕ್ಕ ಮುಖಕ್ಕೆ ಬಹಳ ದೊಡ್ಡ ಬಾಯಿ.

"ಅಂದ್ರೆ ಅಕ್ಕ, ಇದಕ್ಕೆ ಬೇಕಾಗಿರೋದು ನೀನಾ?"

"ಹೂಂ ಕಣಪ್ಪ, ನಾನೇ."

ತಿನ್ನಲು ಬಂದದ್ದು ಕೂಸೇ ಅಂದಮೇಲೆ ಕಾಯಬೇಕಾದ್ದು ಅಕ್ಕನನ್ನು. ಜವರ ಸರಸರ ಇಳಿದ. ಕೂಸನ್ನು ಚಿಕ್ಕತಾಯಮ್ಮನ ಕೈಗೆ ಹಾಕಿದ. "ತಗಳಿ ಅತ್ತೆಮ್ಮ, ಇದನ್ನ ನೀವೇ ತಿನ್ಕಳಿ" ಅಂದವನೇ ಹಿತ್ತಲಿಂದ ದೊಡ್ಡ ಮಂಕರಿ ತಂದು, ಕೂತಿದ್ದ ಅಕ್ಕನ ಮೇಲೆ ತಲೆಯಿಂದ ಸೊಂಟದವರೆಗೆ ಕವುಚಿ, ಎರಡೂ ಕೈಯಲ್ಲಿ ಒತ್ತಿ ಹಿಡಿದ.

ಕೂಸು ಅಜ್ಜಿಯ ಕೈಯಲ್ಲಿ ಕಿರುಚುತ್ತಿತ್ತು. ಹೊಂಬಾಳವ್ವ ಮಗನನ್ನು ನೋಡಿದಳು, ಒಳಗೆ ಹೋದಳು, ಬಟ್ಟಲು ತುಂಬ ಸಾರು ಬಗ್ಗಿಸಿಕೊಂಡು ಬಂದಳು.

"ಲೋ ಮಗ, ಕವುಚಿದ ಕೋಳಿಗೆ ಮೇವು ಇಡಬ್ಯಾಡ್ವೇನ್ಲಾ?"

ಜವರ ಯೋಚಿಸಿದ. "ಇಡ್ಬೇಕು ಕಣವ್ವ" ಅಂತ ಮಂಕರಿಯ ಒಂದು ಕಡೆಯ ಅಂಚು ಎತ್ತಿದ. ಬಟ್ಟಲು ಒಳಗೆ ಹೋಯಿತು.

"ಮರಿ ತಾಯಿ ಜತೇಲಿ ಇರಬ್ಯಾಡ್ವೇನ್ಲಾ? ಮರಿ ತಾಯೀನ ತಿಂದಿದ್ದು ಎಲ್ಲಾರ ಕಂಡಿದ್ದೀಯಾ?"

ಜವರ ಇನ್ನೂ ಹೆಚ್ಚು ಯೋಚಿಸಿದ. ಅಂಥದ್ದು ಅವನು ಕಂಡಿರಲಿಲ್ಲ. ಮತ್ತೆ ಅಂಚು ಎತ್ತಿದ. ಕೂಸೂ ಒಳಗೆ ಹೋಯಿತು, ಕಿರುಚು ನಿಂತಿತು. ಮಂಕರಿಯೊಳಗಿಂದ ಎರಡು ಬಾಯಿ ಚಪ್ಪರಿಸುವ ಸದ್ದು ಬಂತು.

ಚಿಕ್ಕತಾಯಮ್ಮ ಚೀಲ ಹೆಕ್ಕಿಕೊಂಡು ಒಂದು ಎಲೆ ಮಡಚಿದಳು. ಮುಂದೆ ಅವಳು ಬದುಕಿರುವವರೆಗೂ, "ನಮ್ಮ ಚಿಕ್ಕ ಸೊಸೆ ತವರಲ್ಲಿ ಕೋಳಿ ಸಾರೇ ಉಂಡ್ಲು ಕಣ್ರೀ, ಇಲ್ಲ ಅನ್ನಕೂಡ್ದು, ಮಂಕರಿ ಕೆಳಗೆ ಕೂತ್ಕೊಂಡು ಉಂಡ್ಲು" ಅಂತ ಹೇಳಿದಳು.

ಮಂಕರಿ ಹಿಡಿದಿದ್ದ ಜವರನಿಗೆ ತಟ್ಟನೆ ಏನೋ ನೆನಪಾಯಿತು. ಅಂಗಳ ನೋಡಿದ, ಮರ ನೋಡಿದ, ಬೇಲಿಯ ಕಡೆ ನೋಡಿದ.

"ಅವ್ವ, ನಮ್ಮ ಹ್ಯಾಟೆ ಎಲ್ಲಿ?"

ಹೊಂಬಾಳವ್ವ ಸೌಟನ್ನು ಸೆರಗಿನ ಹಿಂದೆ ಮಾಡಿಕೊಂಡಳು.

"ಮಂಕರಿ ಕೆಳಗೇ ಅದೆ ಕಣಪ್ಪ."

"ಹಂಗಾರೆ ಸರಿ" ಅಂದ ಜವರ, ಮಂಕರಿಯನ್ನು ಇನ್ನೂ ಬಿಗಿಯಾಗಿ ಒತ್ತಿ ಹಿಡಿದ.

ಹೊಂಬಾಳವ್ವ ಅವತ್ತು ಬೈಯಲಿಲ್ಲ. ಬೈದರೆ ಅದರ ಹಿಂದೆಯೇ ಬುದ್ಧಿ ಹೇಳಬೇಕಾಗುತ್ತದೆ. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ಜಗಲಿಯ ಮೇಲೆ ಕೂತಳು.